ಗ್ಯಾಸ್ ದೀಪ ಬಿಡದ ಹೆನ್ರಿ ಇರ್ವಿಂಗ್

ನಮ್ಮ ಕಾಲೇಜು ನಾಟಕಗಳಲ್ಲಿ ಕೊನೆಗೆ ನೆನಪಾಗೋದು ಲೈಟಿಂಗ್. ಹಿಂದಿನ ದಿನ ಯಾರನ್ನೋ ಹಿಡಿದು ಸ್ವಿಚ್ ಬೋರ್ಡ್ ಮುಂದೆ ಕೂರಿಸ್ತೀವಿ. ಲಂಡನ್ನಿನ ನಟ ಹೆನ್ರಿ ಇರ್ವಿಂಗ್ ಮಾತ್ರ ಬೆಳಕಿಗೇ ಪ್ರತ್ಯೇಕ ರಿಹರ್ಸಲ್ ಇಟ್ಟವರು.

1838ರಲ್ಲಿ ಸಾಮರ್‌ಸೆಟ್‌ನಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ಜಾನ್ ಹೆನ್ರಿ ಬ್ರಾಡ್ರಿಬ್. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು. ಲಂಡನ್ನಿನಲ್ಲಿ ಗುಮಾಸ್ತರಾಗಿದ್ದವರು ಆ ಕೆಲಸ ಬಿಟ್ಟು 1856ರಲ್ಲಿ ರಂಗಕ್ಕೆ ಬಂದರು. ವರ್ಷಗಟ್ಟಲೆ ಊರೂರು ಅಲೆದ ಮೇಲೆ, 1871ರಲ್ಲಿ ಲೈಸಿಯಂ ಥಿಯೇಟರಿನ 'ದ ಬೆಲ್ಸ್' ನಾಟಕದಿಂದ ಹೆಸರಾದರು. 1878ರಲ್ಲಿ ಆ ಥಿಯೇಟರನ್ನೇ ವಹಿಸಿಕೊಂಡರು.

ಗ್ಯಾಸ್ ಬರೋಕೆ ಮುಂಚೆ ರಂಗದ ಮೇಲೆ ಇದ್ದದ್ದು ಮೇಣದಬತ್ತಿ, ಎಣ್ಣೆ ದೀಪ. ಎಲ್ಲವನ್ನೂ ಒಟ್ಟಿಗೆ ಮಂದ ಮಾಡೋದು ಕಷ್ಟ. ಗ್ಯಾಸ್ ಬಂದ ಮೇಲೆ ಕೊಳವೆಗಳೆಲ್ಲ ಒಂದೇ ಕಡೆ ಸೇರಿ, ವಾಲ್ವ್ ತಿರುಗಿಸಿದರೆ ಸಾಕು, ಸಂಜೆ ನಿಧಾನಕ್ಕೆ ರಾತ್ರಿ ಆಗ್ತಿತ್ತು. ನಮ್ಮ ಡಿಮ್ಮರ್ ಬೋರ್ಡಿನ ಅಜ್ಜ ಅಂದುಕೊಳ್ಳಿ. ಇದರ ಜೊತೆಗೆ ಲೈಮ್‌ಲೈಟ್: ಆಕ್ಸಿಜನ್, ಹೈಡ್ರೋಜನ್ ಸೇರಿದ ಜ್ವಾಲೆಯಲ್ಲಿ ಸುಣ್ಣದ ತುಂಡು ಕಾದು ಬೆಳ್ಳಗೆ ಹೊಳೆಯುತ್ತಿತ್ತು.

ಇರ್ವಿಂಗ್ ಇದನ್ನೆಲ್ಲ ಬಣ್ಣದ ಪೆಟ್ಟಿಗೆಯಂತೆ ಬಳಸಿದರು. ಫುಟ್‌ಲೈಟನ್ನು ಭಾಗಗಳಾಗಿ ಒಡೆದರು, ಬಣ್ಣ ಹಚ್ಚಿದ ಗಾಜು ಇಟ್ಟರು, ಪ್ರೇಕ್ಷಕರ ಕಡೆ ಕತ್ತಲು ಮಾಡಿದರು. ಅಷ್ಟರಲ್ಲಿ 1881ರಲ್ಲಿ ಹತ್ತಿರದ ಸವಾಯ್ ಥಿಯೇಟರಿಗೆ ಪೂರ್ತಿ ವಿದ್ಯುತ್ ದೀಪ ಬಂತು. ಇರ್ವಿಂಗ್‌ಗೆ ವಿದ್ಯುತ್ ಮೇಲೆ ದ್ವೇಷವೇನೂ ಇರಲಿಲ್ಲ. 1885ರ 'ಫೌಸ್ಟ್' ನಾಟಕದಲ್ಲಿ ಕತ್ತಿಗಳ ನಡುವೆ ಕಿಡಿ ಹಾರಿಸಿದ್ದು ವಿದ್ಯುತ್ತೇ. ಆದರೆ ಬೇರೊಂದು ಕಂಪನಿ ಲೈಸಿಯಂನಲ್ಲಿ ಆಡಿದಾಗ ಅಲ್ಲಿಗೆ ವಿದ್ಯುತ್ ದೀಪ ಹಾಕಿದ್ದರು. ಅದರ ಬೆಳಕು ಮುಖದ ಮೇಲೆ ಬೀಳೋ ರೀತಿ ನಟಿ ಎಲೆನ್ ಟೆರ್ರಿಗೆ ಸರಿಬರಲಿಲ್ಲ. ಅವರ ಮಾತಿಗೆ ಇರ್ವಿಂಗ್ ಗ್ಯಾಸನ್ನೇ ಮತ್ತೆ ತಂದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಅದು ತೆರೆದ ಬೆಂಕಿ ತಾನೆ? ಹೌದು. 1887ರಲ್ಲಿ ಎಕ್ಸೆಟರ್ ಊರಿನ ಥಿಯೇಟರ್ ರಾಯಲ್‌ನಲ್ಲಿ ಗ್ಯಾಸ್ ದೀಪದಿಂದ ರಂಗದ ಬಟ್ಟೆಗೆ ಬೆಂಕಿ ಹತ್ತಿ 186 ಜನ ಸತ್ತರು. ಇರ್ವಿಂಗ್ ಇದನ್ನು ನೋಡಿ ಸುಮ್ಮನಿರಲಿಲ್ಲ. ವಾಸ್ತುಶಿಲ್ಪಿ ಆಲ್‌ಫ್ರೆಡ್ ಡಾರ್ಬಿಶೈರ್ ಜೊತೆ ಸೇರಿ ಸುರಕ್ಷಿತ ಥಿಯೇಟರಿನ ವಿನ್ಯಾಸಕ್ಕೆ ಕೈಹಾಕಿದರು. ಪ್ರೇಕ್ಷಕರ ಪ್ರತಿ ವಿಭಾಗಕ್ಕೂ ಬೇರೆ ಬೇರೆ ದಾರಿ, ಹೊಗೆ ಮೇಲಕ್ಕೆ ಹೋಗಲು ರಂಗದ ಮೇಲೆ ದೊಡ್ಡ ಕೊಳವೆ. ಎಕ್ಸೆಟರಿನ ಹೊಸ ಥಿಯೇಟರ್ ಇದೇ ಯೋಚನೆಯ ಮೇಲೆ 1889ರಲ್ಲಿ ಎದ್ದಿತು.

1895ರಲ್ಲಿ ಇರ್ವಿಂಗ್‌ಗೆ ಸರ್ ಪದವಿ ಬಂತು. ನಟನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. 1902ರಲ್ಲಿ ಲೈಸಿಯಂ ಬಿಡುವವರೆಗೂ ಅಲ್ಲಿ ಗ್ಯಾಸ್ ದೀಪವೇ ಉರಿಯಿತು. 1905ರಲ್ಲಿ ಬ್ರಾಡ್‌ಫೋರ್ಡ್‌ನಲ್ಲಿ 'ಬೆಕೆಟ್' ನಾಟಕ ಆಡಿ, ಅದೇ ರಾತ್ರಿ ತೀರಿಕೊಂಡರು.

ಹೊಸದು ಬಂತು ಅಂತ ಹಳೆಯದನ್ನು ಬಿಸಾಡಲಿಲ್ಲ. ಹಳೆಯದು ಇಷ್ಟ ಅಂತ ಅದರ ಅಪಾಯಕ್ಕೆ ಕಣ್ಣುಮುಚ್ಚಿಕೊಳ್ಳಲೂ ಇಲ್ಲ. ಎಂಜಿನಿಯರ್ ಆಗೋಕೆ ಹೊರಟಿರೋ ನಮಗೆ ಆ ಎರಡನೆಯದೇ ಹೆಚ್ಚು ಬೇಕಾದದ್ದು.