ಘಟ್ಟವಿಳಿದ ಕ್ಲೆಸ್ಸಿ ಕಮ್ಮಿನ್ಸ್

ನಿಪ್ಪಾಣಿಯ ಬಳಿ ಹೆದ್ದಾರಿಯು ಸ್ತವನಿಧಿಯ ಘಟ್ಟವನ್ನು ಹಾಯುತ್ತದೆ. ಜನರ ಬಾಯಲ್ಲಿ ಅದು ತವಂದಿ ಘಾಟು. ಅಲ್ಲಿ ಬ್ರೇಕು ಸೋತು ಅನಾಹುತವಾದ ಸುದ್ದಿಯನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಓದುಗರು ಎಷ್ಟು ಸಲ ಓದಿಲ್ಲ! ಹೇರು ತುಂಬಿದ ಟ್ರಕ್ಕು ಇಳಿಜಾರಿನಲ್ಲಿ ಒಮ್ಮೆಲೆ ಗುಡುಗುಟ್ಟುವುದನ್ನು ಕೇಳಿದಾಗ, ಯಂತ್ರವಿದ್ಯೆಯ ಗಂಧವಿಲ್ಲದ ನನಗೂ ನೆನಪಾಗುವವನು ಕ್ಲೆಸ್ಸಿ ಕಮ್ಮಿನ್ಸ್.

ಆತನು ಹುಟ್ಟಿದ್ದು 1888ರಲ್ಲಿ, ಅಮೆರಿಕದ ಇಂಡಿಯಾನಾ ಸಂಸ್ಥಾನದ ಒಕ್ಕಲು ಮನೆತನದಲ್ಲಿ. ಓದು ಎಂಟನೆಯ ತರಗತಿಗೆ ನಿಂತಿತು. ಕೊಲಂಬಸ್ ಪಟ್ಟಣದ ಬ್ಯಾಂಕಿನ ಧಣಿ ಇರ್ವಿನ್ ಎಂಬವನ ಮೋಟಾರು ನಡೆಸುವ ಕೆಲಸಕ್ಕೆ ಸೇರಿದನು. ಚಾಲಕನ ಕೈಗುಣವನ್ನು ಕಂಡ ಧಣಿ ಹಣ ಹೂಡಿದನು. 1919ರಲ್ಲಿ ಕಮ್ಮಿನ್ಸ್ ಎಂಜಿನ್ ಕಂಪನಿ ಹುಟ್ಟಿತು. ಹತ್ತು ವರ್ಷ ನಷ್ಟವೇ ನಷ್ಟ. 1929ರ ಕ್ರಿಸ್‌ಮಸ್ ದಿನ ಕಮ್ಮಿನ್ಸನು ಹಳೆಯ ಪ್ಯಾಕರ್ಡ್ ಕಾರಿಗೆ ಡೀಸೆಲ್ ಎಂಜಿನ್ನು ಕೂಡಿಸಿ, ಅದರಲ್ಲಿ ಇರ್ವಿನ್ನನನ್ನೇ ಸುತ್ತಾಡಿಸಿಕೊಂಡು ಬಂದನು. ಮುಚ್ಚಬೇಕಾಗಿದ್ದ ಕಾರಖಾನೆ ಉಳಿಯಿತು.

1931ರಲ್ಲಿ ಡೀಸೆಲ್ಲಿನ ಬಲವನ್ನು ನಾಡಿಗೆ ತೋರಿಸಲೆಂದು ಟ್ರಕ್ಕನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ನಡೆಸಿಕೊಂಡು ಹೊರಟನು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕು ಕಾದು ಕೈಕೊಟ್ಟಿತು. ಮುಂದೆ ರೈಲುದಾರಿ, ಗೂಡ್ಸ್ ಗಾಡಿಯೊಂದು ಅಡ್ಡ ಹಾಯುತ್ತಿದೆ. ಅದರ ಕೊನೆಯ ಡಬ್ಬಿ ಸರಿದುದೂ ಟ್ರಕ್ಕು ಹಳಿ ದಾಟಿದುದೂ ಕೂದಲೆಳೆಯ ಅಂತರದಲ್ಲಿ. ಆ ಗಳಿಗೆಯು ಆತನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ.

ಡೀಸೆಲ್ ಎಂಜಿನ್ನಿಗೆ ಇಲ್ಲೊಂದು ಕೊರತೆಯುಂಟು. ಆಕ್ಸಿಲರೇಟರಿನಿಂದ ಕಾಲೆತ್ತಿದರೂ ಸಿಲಿಂಡರಿನ ತುಂಬ ಗಾಳಿ ನುಗ್ಗುತ್ತದೆ. ಪಿಸ್ಟನ್ನು ಅದನ್ನು ಅದುಮುತ್ತದೆ. ಅದುಮಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮರಳಿ ನೂಕಿಬಿಡುತ್ತದೆ. ವೇಗ ಕುಗ್ಗುವುದು ಕೊಂಚವೇ. ಅದುಮಿದ ಗಾಳಿಯನ್ನು ಪಿಸ್ಟನ್ನು ಮೇಲ್ತುದಿಗೆ ಬಂದ ಹೊತ್ತಿನಲ್ಲೇ ಹೊರಕ್ಕೆ ಬಿಟ್ಟರೆ? ಆಗ ಅದಕ್ಕೆ ನೂಕುವ ಕಸುವಿಲ್ಲ; ಎಂಜಿನ್ನೇ ಬ್ರೇಕಾಗುತ್ತದೆ. ಆದರೆ ಕವಾಟವನ್ನು ಸರಿಯಾಗಿ ಆ ಕ್ಷಣಕ್ಕೇ ತೆರೆಯುವವರಾರು? ಕಂಪನಿಯ ಹೊಣೆಯನ್ನೆಲ್ಲ ಇಳಿಸಿ ಕುಳಿತ ಮುಪ್ಪಿನಲ್ಲಿ ಆತನಿಗೆ ಉತ್ತರ ಹೊಳೆಯಿತು. ಇಂಧನವನ್ನು ಚಿಮ್ಮಿಸುವ ಇಂಜೆಕ್ಟರಿನ ತೋಳು ಎಂಜಿನ್ನಿನಲ್ಲಿ ಅದೇ ಹೊತ್ತಿಗೆ ಅಲುಗುತ್ತಲೇ ಇತ್ತು! ಆ ಚಲನೆಯನ್ನು ಎಣ್ಣೆಯ ಒತ್ತಡದ ಮೂಲಕ ಹೊಗೆ ಬಿಡುವ ಕವಾಟಕ್ಕೆ ಮುಟ್ಟಿಸಿದರಾಯಿತು. ತನ್ನ ಕೈಯಿಂದಲೇ ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದ ಭಾಗದಲ್ಲಿ ಉತ್ತರವು ಕಾದಿತ್ತೆಂಬುದು ನನಗೆ ಈ ಕಥೆಯ ಸೊಗಸಾದ ತಿರುವು.

ಕೊನೆಗೆ ಅದನ್ನು ಕೈಗೆತ್ತಿಕೊಂಡದ್ದು ಜೇಕಬ್ಸ್ ಕಂಪನಿ; ಅದಕ್ಕೂ ಮೊದಲು ಅವರಿಗೆ ಹೆಸರಿದ್ದುದು ಬೈರಿಗೆಯ ಹಿಡಿಕೆಗಳಿಂದ. 1961ರಲ್ಲಿ ಬ್ರೇಕು ಪೇಟೆಗೆ ಬಂತು. ಮರುವರ್ಷ ಪುಣೆಯಲ್ಲಿ ಕಿರ್ಲೋಸ್ಕರ್ ಕಮ್ಮಿನ್ಸ್ ಕಂಪನಿ ಹುಟ್ಟಿತು. ಆ ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು.

ನಮ್ಮ ಟ್ರಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಎಕ್ಸಾಸ್ಟ್ ಬ್ರೇಕು ಇದರ ದಾಯಾದಿ. ಅದು ಹೊಗೆಕೊಳವೆಗೆ ಮುಚ್ಚಳವಿಟ್ಟು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಎರಡಕ್ಕೂ ತಂತಿ ಜೋಡಿಸುವ ಕ್ರಮ ಬಹುಮಟ್ಟಿಗೆ ಒಂದೇ. ಚಾಲಕನ ಮುಂದೊಂದು ಸ್ವಿಚ್ಚು, ಕ್ಲಚ್ಚಿಗೊಂದು, ಆಕ್ಸಿಲರೇಟರಿಗೊಂದು. ಮೂರೂ ಸಾಲಾಗಿ ಕೂಡಿದರೆ ಮಾತ್ರ ವಿದ್ಯುತ್ತು ಹರಿದು ಬ್ರೇಕು ಹಿಡಿಯುತ್ತದೆ, ಒಂದರ ಮೇಲೆ ಕಾಲಿಟ್ಟರೂ ಬಿಡುತ್ತದೆ. ಕ್ಲಚ್ಚಿನ ಸ್ವಿಚ್ಚು ಕೆಟ್ಟಿತೆಂದು ತಂತಿಯನ್ನು ನೇರವಾಗಿ ಸೇರಿಸಿಬಿಡುವವರುಂಟು. ಗೇರು ಬದಲಿಸುವಾಗ ಬ್ರೇಕು ಬಿಡದೆ ಎಂಜಿನ್ನು ನಿಂತೇಹೋದರೆ, ಪವರ್ ಸ್ಟಿಯರಿಂಗು ಬಿಗಿಯುತ್ತದೆ, ಗಾಳಿಬ್ರೇಕಿಗೆ ಹೊಸ ಗಾಳಿ ಬಾರದು, ಅದೂ ಘಟ್ಟದ ನಡುವೆ!

ಕಮ್ಮಿನ್ಸನು 1967ರಲ್ಲಿ ತನ್ನ ಬಾಳಿನ ಕಥೆಯನ್ನು ಪುಸ್ತಕವಾಗಿ ಹೊರತಂದು, 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡನು. ಹಿಂದೊಮ್ಮೆ ಬ್ರೇಕಿಲ್ಲದೆ ಇಳಿದು ಬಂದ ಘಟ್ಟವೂ ಅದೇ ನಾಡಿನದು.