ವ್ಯಾಲೇಸ್ ಕ್ಲೆಮೆಂಟ್ ಸೇಬಿನ್

ವ್ಯಾಲೇಸ್ ಕ್ಲೆಮೆಂಟ್ ಸೇಬಿನ್ (ಜೂನ್ 13, 1868 – ಜನವರಿ 10, 1919) ಅಮೆರಿಕದ ಭೌತವಿಜ್ಞಾನಿ. ಕಟ್ಟಡಗಳ ಧ್ವನಿವಿಜ್ಞಾನದ ಸ್ಥಾಪಕರೆಂದು ಇವರನ್ನು ಪರಿಗಣಿಸಲಾಗುತ್ತದೆ. ಕೋಣೆಯೊಳಗೆ ಹುಟ್ಟಿದ ಧ್ವನಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಆ ಕೋಣೆಯ ಘನಗಾತ್ರ ಮತ್ತು ಅದರ ಮೇಲ್ಮೈಗಳು ಹೀರಿಕೊಳ್ಳುವ ಧ್ವನಿಯ ಪ್ರಮಾಣದಿಂದ ಮೊದಲೇ ಲೆಕ್ಕಹಾಕಬಹುದೆಂದು ಇವರು ತೋರಿಸಿದರು. ಇಂದು ಧ್ವನಿಮುದ್ರಣ ಹಾಗೂ ಮಿಕ್ಸಿಂಗ್ ಕೊಠಡಿಗಳಲ್ಲಿ ಗೋಡೆಗೆ ಎಷ್ಟು ಹೀರುಫಲಕ ಬೇಕೆಂದು ನಿರ್ಧರಿಸುವ ಲೆಕ್ಕಾಚಾರ ಇವರ ಸೂತ್ರದಿಂದಲೇ ಆರಂಭವಾಗುತ್ತದೆ.

ಆರಂಭಿಕ ಜೀವನ

ಸೇಬಿನ್ ಅವರು ಒಹಾಯೊ ರಾಜ್ಯದ ರಿಚ್‌ವುಡ್‌ನಲ್ಲಿ ಜನಿಸಿದರು. 1886ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಹಾರ್ವರ್ಡ್‌ಗೆ ತೆರಳಿದರು. 1888ರಲ್ಲಿ ಅಲ್ಲಿ ಸ್ನಾತಕೋತ್ತರ ಪದವಿ ಪಡೆದು ಭೌತವಿಜ್ಞಾನದ ಬೋಧಕರಾದರು. ಡಾಕ್ಟರೇಟ್‌ಗಾಗಿ ಅವರು ಅಧ್ಯಯನ ಮಾಡಲೇ ಇಲ್ಲ. ಮುಂದೆ ದೊರೆತ ಡಾಕ್ಟರೇಟ್‌ಗಳು ಗೌರವ ಪದವಿಗಳು. 1895ರವರೆಗೆ ಅವರನ್ನು ಉತ್ತಮ ಅಧ್ಯಾಪಕರೆಂದು ಬಲ್ಲವರಿದ್ದರೇ ಹೊರತು ಧ್ವನಿವಿಜ್ಞಾನಿಯೆಂದು ಬಲ್ಲವರಿರಲಿಲ್ಲ.

ಫಾಗ್ ಸಭಾಂಗಣ

1895ರಲ್ಲಿ ಹಾರ್ವರ್ಡ್‌ನ ಫಾಗ್ ಕಲಾ ಸಂಗ್ರಹಾಲಯ ತೆರೆಯಿತು. ಅದರ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಲೇ ಇರಲಿಲ್ಲ. ಸಹಜ ದನಿಯಲ್ಲಿ ಆಡಿದ ಒಂದು ಪದ ಸುಮಾರು ಐದೂವರೆ ಸೆಕೆಂಡು ಕೇಳಿಸುತ್ತಲೇ ಇದ್ದು, ಅಷ್ಟರಲ್ಲಿ ಹೊರಬಿದ್ದ ಮುಂದಿನ ಪದಗಳೆಲ್ಲ ಅದರೊಡನೆ ಕಲಸಿಹೋಗುತ್ತಿದ್ದವು. ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ವಿಲಿಯಂ ಎಲಿಯಟ್ ಅವರು ಇದನ್ನು ಸರಿಪಡಿಸುವ ಹೊಣೆಯನ್ನು ಇಪ್ಪತ್ತೇಳರ ಹರೆಯದ ಸೇಬಿನ್ ಅವರಿಗೆ ವಹಿಸಿದರು. ಆ ಕಾಲದಲ್ಲಿ ಸಭಾಂಗಣದ ಧ್ವನಿಗುಣವನ್ನು ಬಹುಮಟ್ಟಿಗೆ ಅದೃಷ್ಟದ ಮಾತೆಂದೇ ಭಾವಿಸಲಾಗುತ್ತಿತ್ತು.

ಅದೇ ಆವರಣದಲ್ಲಿದ್ದ ಸ್ಯಾಂಡರ್ಸ್ ರಂಗಮಂದಿರ ಉತ್ತಮ ಧ್ವನಿಗುಣಕ್ಕೆ ಹೆಸರಾಗಿತ್ತು. ಸೇಬಿನ್ ಅವರು ಅಲ್ಲಿನ ಆಸನಗಳ ಮೆತ್ತೆಗಳನ್ನು ರಾತ್ರಿ ಫಾಗ್ ಸಭಾಂಗಣಕ್ಕೆ ಸಾಗಿಸಿ, ಬೆಳಗಾಗುವುದರೊಳಗೆ ಮರಳಿ ಇರಿಸುತ್ತಿದ್ದರು. ಬೀದಿಯ ಸದ್ದು ಅಡಗಿದ ಮಧ್ಯರಾತ್ರಿಯ ನಂತರ 512 ಹರ್ಟ್ಸ್‌ನ ಆರ್ಗನ್ ಕೊಳವೆಯನ್ನು ನುಡಿಸಿ, ನಿಲ್ಲಿಸಿ, ಧ್ವನಿ ಕಿವಿಗೆ ಕೇಳಿಸದಂತಾಗುವವರೆಗಿನ ಅವಧಿಯನ್ನು ದಾಖಲಿಸುತ್ತಿದ್ದರು. ಅಳೆಯುವ ಸಾಧನ ಅವರ ಕಿವಿಯೇ ಆಗಿತ್ತು. ಬರಿದಾದ ಸಭಾಂಗಣದಲ್ಲಿ 5.62 ಸೆಕೆಂಡು ಇದ್ದ ಅನುರಣನ ಕಾಲ, ಮೆತ್ತೆಗಳನ್ನೆಲ್ಲ ತಂದು ಹಾಸಿದಾಗ 1.14 ಸೆಕೆಂಡಿಗೆ ಇಳಿಯಿತು.

ಅಳತೆಗಳು ಕೆಲವೊಮ್ಮೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಾರಣ ಹುಡುಕಿದಾಗ, ಪ್ರಯೋಗ ನಡೆಸುವವರು ತೊಟ್ಟ ಉಡುಪೂ ಧ್ವನಿಯನ್ನು ಹೀರುತ್ತಿರುವುದು ತಿಳಿದುಬಂತು. ಆ ಬೇಸಿಗೆಯಲ್ಲಿ ದಾಖಲಿಸಿದ್ದ ಮೂರು ಸಾವಿರಕ್ಕೂ ಹೆಚ್ಚು ಅಳತೆಗಳನ್ನು, ಉಡುಪಿನ ವಿವರ ಸಾಕಷ್ಟು ಇಲ್ಲವೆಂಬ ಒಂದೇ ಕಾರಣಕ್ಕೆ ಸೇಬಿನ್ ಕೈಬಿಟ್ಟರು. ಅಲ್ಲಿಂದ ಮುಂದೆ ಪ್ರಯೋಗಗಳಲ್ಲಿ ಒಂದೇ ಬಗೆಯ ಉಡುಪು ಧರಿಸತೊಡಗಿದರು. ಇದು ಅತಿಯಾಯಿತು ಎನ್ನಿಸಬಹುದು. ಆದರೆ ಚಿಕ್ಕ ಕೋಣೆಯಲ್ಲಿ ಒಬ್ಬ ವ್ಯಕ್ತಿಯ ಕೋಟು ಕೂಡ ಲೆಕ್ಕಕ್ಕೆ ಬರುತ್ತದೆ ಎಂಬುದು ನಿಜ.

1898ರಲ್ಲಿ ಗೋಡೆಗಳಿಗೆ ಫೆಲ್ಟ್ ಹೊದಿಸಿದ ಮೇಲೆ ಸಭಾಂಗಣ ಬಳಕೆಗೆ ಯೋಗ್ಯವಾಯಿತು.

ಅನುರಣನ ಸೂತ್ರ

ಮೂರು ವರ್ಷ ಕಳೆದರೂ ಸಾಮಾನ್ಯ ನಿಯಮ ಸಿಕ್ಕಿರಲಿಲ್ಲ. 1898ರಲ್ಲಿ ಬಾಸ್ಟನ್‌ನಲ್ಲಿ ಕಟ್ಟಲಿದ್ದ ಹೊಸ ಸಂಗೀತ ಭವನಕ್ಕೆ ಸಲಹೆಗಾರರಾಗುವ ಪ್ರಸ್ತಾಪ ಬಂದಾಗ ಅವರು ಹಿಂಜರಿದದ್ದು ಇದೇ ಕಾರಣಕ್ಕೆ. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಮನೆಯಲ್ಲಿ ಹಳೆಯ ಅಂಕಿಗಳನ್ನು ಪರಿಶೀಲಿಸುತ್ತಿದ್ದಾಗ, ಹೀರಿಕೆ ಮತ್ತು ಅನುರಣನ ಕಾಲದ ರೇಖೆ ಅತಿಪರವಲಯವೆಂದು, ಅಂದರೆ ಅವೆರಡರ ಗುಣಲಬ್ಧ ಸ್ಥಿರವೆಂದು ಹೊಳೆಯಿತು. ಈ ಸಂಗತಿಯನ್ನು ಅವರು ಮೊದಲು ತಿಳಿಸಿದ್ದು ಮನೆಯಲ್ಲಿದ್ದ ತಾಯಿಗೆ.

ಇಂದಿನ ರೂಪದಲ್ಲಿ ಸೂತ್ರ ಹೀಗಿದೆ: ಘನ ಮೀಟರಿನಲ್ಲಿ ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡಿನಲ್ಲಿ ದೊರೆಯುತ್ತದೆ. ಧ್ವನಿಯ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಯಲು ಬೇಕಾದ ಅವಧಿಯೇ ಅನುರಣನ ಕಾಲ. ಹೀರಿಕೆಯನ್ನು ಅಳೆಯಲು ಸೇಬಿನ್ ತೆರೆದ ಕಿಟಕಿಯನ್ನು ಮಾನದಂಡವಾಗಿ ಆರಿಸಿಕೊಂಡರು. ಕಿಟಕಿಯಿಂದ ಹೊರಹೋದ ಧ್ವನಿ ಮರಳುವುದಿಲ್ಲ. ಹೀರಿಕೆಯ ಏಕಮಾನಕ್ಕೆ ಈಗ ಸೇಬಿನ್ ಎಂದೇ ಹೆಸರು.

ಬಾಸ್ಟನ್ ಸಿಂಫನಿ ಹಾಲ್

ಹೆನ್ರಿ ಲೀ ಹಿಗಿನ್ಸನ್ ಅವರ ನೇತೃತ್ವದಲ್ಲಿ, ಮೆಕಿಮ್, ಮೀಡ್ ಅಂಡ್ ವೈಟ್ ವಾಸ್ತುಶಿಲ್ಪಿಗಳ ವಿನ್ಯಾಸದಂತೆ ನಿರ್ಮಾಣವಾದ ಈ ಭವನ ಅಕ್ಟೋಬರ್ 15, 1900ರಂದು ಆರಂಭವಾಯಿತು. ಮಾದರಿಯಾಗಿದ್ದ ಲೈಪ್‌ಜಿಗ್‌ನ ಗೆವಾಂಡ್‌ಹೌಸನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅನುರಣನ ಮಿತಿಮೀರುತ್ತದೆಂದು ಸೇಬಿನ್ ಲೆಕ್ಕದಿಂದ ತೋರಿಸಿದ್ದರು. ಆರಂಭದಲ್ಲಿ ಕೆಲವು ವಿಮರ್ಶಕರು ಅತೃಪ್ತಿ ವ್ಯಕ್ತಪಡಿಸಿದರು. ಇಂದು ಅದು ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳಲ್ಲಿ ಒಂದೆಂಬ ಮನ್ನಣೆ ಪಡೆದಿದೆ. ಅದೇ ವರ್ಷ ಸೇಬಿನ್ ವೈದ್ಯೆಯಾಗಿದ್ದ ಜೇನ್ ಕೆಲ್ಲಿ ಅವರನ್ನು ವಿವಾಹವಾದರು.

ಚಿಕ್ಕ ಕೋಣೆಗಳ ಅಧ್ಯಯನ

ಸೇಬಿನ್ ಎಂದರೆ ಬೃಹತ್ ಭವನಗಳೇ ನೆನಪಾಗುವುದರಿಂದ ಈ ಭಾಗ ಅಷ್ಟಾಗಿ ಪ್ರಚಾರ ಪಡೆದಿಲ್ಲ. 1902ರಲ್ಲಿ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ಪಿಯಾನೊ ಕೋಣೆಗಳ ಬಗ್ಗೆ ದೂರು ಬಂದಾಗ, ಸಂಗೀತಗಾರರ ಒಂದು ಗುಂಪನ್ನು ಐದು ಕೋಣೆಗಳಿಗೆ ಕರೆದೊಯ್ದು ಪಿಯಾನೊ ಕೇಳಿಸಲಾಯಿತು. ಅವರಿಗೆ ತೃಪ್ತಿಯಾಗುವವರೆಗೆ ಮೆತ್ತೆಗಳನ್ನು ಸೇರಿಸುತ್ತ, ತೆಗೆಯುತ್ತ ಹೋದರು. ಸಂಗೀತಗಾರರಿಗೆ ಅಂಕಿಗಳ ಅರಿವಿರಲಿಲ್ಲ. ಆದರೂ ಅವರು ಒಪ್ಪಿದ ಅನುರಣನ ಕಾಲಗಳು 0.95ರಿಂದ 1.16 ಸೆಕೆಂಡಿನೊಳಗೇ ಇದ್ದು, ಸರಾಸರಿ 1.08 ಸೆಕೆಂಡು ಬಂತು. ಅಭಿರುಚಿಯನ್ನೂ ಅಳೆಯಬಹುದೆಂಬುದಕ್ಕೆ ಇದು ಮೊದಲ ಪುರಾವೆಗಳಲ್ಲೊಂದು.

ಬೇರೆ ಬೇರೆ ಶ್ರುತಿಗಳಲ್ಲಿ ನಡೆಸಿದ ಪ್ರಯೋಗಗಳಿಂದ ಇನ್ನೊಂದು ಸಂಗತಿ ತಿಳಿಯಿತು. ತೆಳುವಾದ ಫೆಲ್ಟ್ ಎತ್ತರದ ಶ್ರುತಿಯ ಧ್ವನಿಯನ್ನು ಚೆನ್ನಾಗಿ ಹೀರಿದರೂ ಮಂದ್ರ ಧ್ವನಿಯನ್ನು ಬಹುಪಾಲು ಹಾಗೆಯೇ ಬಿಡುತ್ತದೆ; ದಪ್ಪ ಹೆಚ್ಚಿದಂತೆ ಮಂದ್ರದ ಹೀರಿಕೆಯೂ ಹೆಚ್ಚುತ್ತದೆ. ಮನೆಯ ಕೋಣೆಗೆ ತೆಳು ಫೋಮ್ ಅಂಟಿಸಿ ಧ್ವನಿಮುದ್ರಣಕ್ಕೆ ತೊಡಗುವವರು ಇಂದಿಗೂ ಎಡವುವುದು ಇಲ್ಲಿಯೇ: ಮಾತಿನ ಹೊಳಪು ಅಡಗುತ್ತದೆ, ಮಂದ್ರದ ಗುಂಯ್‌ಗುಡುವಿಕೆ ಉಳಿಯುತ್ತದೆ.

ಸೂತ್ರದ ಮಿತಿ

ಧ್ವನಿ ಕೋಣೆಯ ತುಂಬ ಸಮನಾಗಿ ಹರಡಿದೆ ಎಂಬ ಊಹೆಯ ಮೇಲೆ ಸೇಬಿನ್ ಸೂತ್ರ ನಿಂತಿದೆ. ಹೀರಿಕೆ ಬಹಳ ಹೆಚ್ಚಿರುವ ಕೋಣೆಗಳಲ್ಲಿ ಅದು ತಪ್ಪುತ್ತದೆ; 1930ರಲ್ಲಿ ಕಾರ್ಲ್ ಐರಿಂಗ್ ಇದಕ್ಕೆ ತಿದ್ದುಪಡಿ ಸೂಚಿಸಿದರು. ಚಿಕ್ಕ ಕೋಣೆಗಳಿಗೆ ಇನ್ನೊಂದು ತೊಡಕಿದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆಗೆ 0.3 ಸೆಕೆಂಡಿನ ಅನುರಣನ ಬೇಕಿದ್ದರೆ ಸೂತ್ರದಂತೆ ಸುಮಾರು 17 ಚದರ ಮೀಟರಿನಷ್ಟು ಪೂರ್ಣ ಹೀರಿಕೆ ಸಾಕು. ಆದರೆ ಅಂಥ ಕೋಣೆಯಲ್ಲಿ ಸುಮಾರು 190 ಹರ್ಟ್ಸ್‌ಗಿಂತ ಕೆಳಗೆ ಬಿಡಿಬಿಡಿಯಾದ ಸ್ಥಾಯೀ ತರಂಗಗಳದೇ ಪ್ರಾಬಲ್ಯ. ಉದ್ದದ ದಿಕ್ಕಿನ ಮೊದಲನೆಯದು ಸುಮಾರು 43 ಹರ್ಟ್ಸ್‌ನಲ್ಲಿರುತ್ತದೆ. ಗೋಡೆಯ ಬಳಿ ಆ ಸ್ವರ ಗಡುಸಾಗಿ ಕೇಳಿಸಿದರೆ ಉದ್ದದ ನಡುಮಧ್ಯದಲ್ಲಿ ಬಹುತೇಕ ಕೇಳಿಸುವುದಿಲ್ಲ. ಮೂಲೆಗಳಲ್ಲಿ ದಪ್ಪನೆಯ ಬಾಸ್ ಟ್ರ್ಯಾಪ್ ಇರಿಸುವುದು ಈ ಕಾರಣಕ್ಕೆ. ಸೇಬಿನ್ ಅವರಿಗೆ ಈ ಏರಿಳಿತ ತಿಳಿಯದ ವಿಷಯವಲ್ಲ. ಹಾರ್ವರ್ಡ್‌ನ ಜೆಫರ್ಸನ್ ಪ್ರಯೋಗಾಲಯದ ಕೋಣೆಯೊಂದರಲ್ಲಿ ಜಾಗದಿಂದ ಜಾಗಕ್ಕೆ ಧ್ವನಿಯ ತೀವ್ರತೆ ಬದಲಾಗುವುದನ್ನು ಅವರೇ ನಕ್ಷೆಯಾಗಿ ದಾಖಲಿಸಿದ್ದರು.

ಕೊನೆಯ ವರ್ಷಗಳು

ರಫಾಯೆಲ್ ಗುಸ್ತಾವಿನೊ ಅವರೊಡನೆ ಸೇರಿ ಸೇಬಿನ್ ಧ್ವನಿ ಹೀರುವ ರಮ್‌ಫರ್ಡ್ ಮತ್ತು ಅಕೌಸ್ಟೊಲಿತ್ ಹೆಂಚುಗಳನ್ನು ರೂಪಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್‌ನ ಸೊರ್ಬೋನ್‌ನಲ್ಲಿ ಉಪನ್ಯಾಸ ನೀಡಿದರು. ಯುರೋಪಿನಲ್ಲಿದ್ದಾಗಲೇ ತೀವ್ರವಾಗಿ ಅಸ್ವಸ್ಥರಾದರೂ, ಮರಳಿದ ಮೇಲೆ ವಾಷಿಂಗ್ಟನ್‌ನಲ್ಲಿ ಸೇನೆಯ ವಿಮಾನ ಉತ್ಪಾದನೆಗೆ ಸಂಬಂಧಿಸಿದ ತಾಂತ್ರಿಕ ಕೆಲಸವನ್ನೂ ಹಾರ್ವರ್ಡ್‌ನ ಪಾಠವನ್ನೂ ಒಟ್ಟಿಗೆ ನಿರ್ವಹಿಸಿದರು. ಮೂತ್ರಪಿಂಡದ ಸೋಂಕಿಗೆ ಅಗತ್ಯವಾಗಿದ್ದ ಶಸ್ತ್ರಚಿಕಿತ್ಸೆಯನ್ನು ಯುದ್ಧ ಮುಗಿಯುವವರೆಗೆ ಮುಂದೂಡಿದರು. ಜನವರಿ 1919ರಲ್ಲಿ ಚಿಕಿತ್ಸೆ ಫಲಿಸದೆ ನಿಧನರಾದಾಗ ಅವರಿಗೆ ಐವತ್ತು ವರ್ಷ.

ಜಾರ್ಜ್ ಫೇಬಿಯನ್ ಎಂಬ ಶ್ರೀಮಂತರು ಇಲಿನಾಯ್‌ನ ಜಿನೀವಾದಲ್ಲಿ ಸೇಬಿನ್ ಅವರಿಗಾಗಿಯೇ ರಿವರ್‌ಬ್ಯಾಂಕ್ ಪ್ರಯೋಗಾಲಯವನ್ನು ಕಟ್ಟಿಸಿದ್ದರು. 1918ರಲ್ಲಿ ಸಿದ್ಧವಾದ ಅಲ್ಲಿ ಕೆಲಸ ಮಾಡುವ ಅವಕಾಶ ಅವರಿಗೆ ಒದಗಲಿಲ್ಲ. ದೂರದ ಸಂಬಂಧಿ ಪಾಲ್ ಸೇಬಿನ್ ಅದರ ಹೊಣೆ ಹೊತ್ತರು. ಸೇಬಿನ್ ಅವರ ಲೇಖನಗಳ ಸಂಗ್ರಹವನ್ನು ಹಾರ್ವರ್ಡ್ 1922ರಲ್ಲಿ ಪ್ರಕಟಿಸಿತು. ಅಮೆರಿಕದ ಧ್ವನಿವಿಜ್ಞಾನ ಸಂಘವು 1957ರಿಂದ ಅವರ ಹೆಸರಿನಲ್ಲಿ ಪದಕ ನೀಡುತ್ತಿದೆ.