ಲೂಯಿ ಬ್ರೈಲ್: ಒಂದು ಗಾಯ, ಎರಡು ಕಣ್ಣು, ಆರು ಚುಕ್ಕಿ

ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ನಮ್ಮ ಅಬ್ಬಾ ಅವರದೊಂದು ಸಣ್ಣ ಅಂಗಡಿ ಇದೆ. ಬೈಕ್, ಆಟೊ, ಟ್ರ್ಯಾಕ್ಟರ್ ಸೀಟುಗಳಿಗೆ ರೆಕ್ಸಿನ್ ಹೊಲಿಯುವುದು ಅವರ ಕಸುಬು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋಗುವಾಗ ನನ್ನನ್ನೂ ನಾಲ್ಕು ವರ್ಷದ ನನ್ನ ತಮ್ಮನನ್ನೂ ಅಂಗಡಿಯಲ್ಲಿ ಬಿಟ್ಟು ಹೋಗಿದ್ದರು. ನಾನು ಮೊಬೈಲ್ ನೋಡುತ್ತ ಕುಳಿತಿದ್ದೆ. ತಮ್ಮ ಅಬ್ಬಾ ಮಾಡುವಂತೆಯೇ ಮಾಡಲು ಹೋದ. ರೆಕ್ಸಿನ್‌ಗೆ ತೂತು ಹಾಕುವ ಚೂಪು ಮೊನೆಯ ಉಪಕರಣವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಅದು ಜಾರಿ ಅವನ ಎಡಗಣ್ಣಿಗೆ ಚುಚ್ಚಿತು.

ಆ ರಾತ್ರಿ ಕಲಬುರಗಿಯ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಮೇಡಂ ನನ್ನ ಮುಖ ನೋಡಿ ಪಕ್ಕದಲ್ಲಿ ಕೂರಿಸಿಕೊಂಡರು. ಲೂಯಿ ಬ್ರೈಲ್ ಯಾರೆಂದು ಗೊತ್ತೇ ಎಂದು ಕೇಳಿದರು. ಅಂಧರ ಲಿಪಿ ಕಂಡುಹಿಡಿದವರು ಎಂದು ಜಿ.ಕೆ. ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಆತನಿಗೂ ತಂದೆಯ ಅಂಗಡಿಯಲ್ಲೇ, ಇಂಥದೇ ಉಪಕರಣದಿಂದ ಗಾಯವಾಗಿತ್ತು ಎಂದು ಅವರು ತಿಳಿಸಿದಾಗ ನನಗೆ ಮಾತೇ ಬರಲಿಲ್ಲ. ಆಮೇಲೆ ನಾನು ಆ ಮಹನೀಯರ ಜೀವನವನ್ನು ಹುಡುಕಿ ಹುಡುಕಿ ಓದಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಫ್ರಾನ್ಸ್ ದೇಶದ ಕೂವ್ರೇ ಎಂಬ ಹಳ್ಳಿಯಲ್ಲಿ. ಅಲ್ಲಿಂದ ಪ್ಯಾರಿಸ್ ಸುಮಾರು 40 ಕಿ.ಮೀ. ನಮಗೆ ಕಲಬುರಗಿ ಹೇಗೋ ಅವರಿಗೆ ಪ್ಯಾರಿಸ್ ಹಾಗೆ ಅನ್ನಬಹುದು. ತಂದೆ ಸಿಮೋನ್ ರೆನೆ ಕುದುರೆಗಳ ಜೀನು, ಲಗಾಮು ಹೊಲಿಯುವವರು. ತಾಯಿ ಮೊನಿಕ್. ನಾಲ್ಕು ಮಕ್ಕಳಲ್ಲಿ ಲೂಯಿ ಎಲ್ಲರಿಗಿಂತ ಚಿಕ್ಕವನು. ಮನೆಗೆ ಹೊಂದಿಕೊಂಡೇ ತಂದೆಯ ಕೆಲಸದ ಕೋಣೆ ಇತ್ತು. ಚರ್ಮದ ತುಂಡುಗಳು, ಚಾಕು, ಸೂಜಿ, ತೂತು ಹಾಕುವ ಉಪಕರಣಗಳ ನಡುವೆಯೇ ಮಗು ಆಡಿಕೊಂಡಿರುತ್ತಿತ್ತು.

1812ರಲ್ಲಿ, ಮೂರು ವರ್ಷದವನಿದ್ದಾಗ, ಲೂಯಿ ತಂದೆಯಂತೆ ಚರ್ಮಕ್ಕೆ ತೂತು ಹಾಕಲು ಹೋದ. ಮೊನೆ ಜಾರಿ ಒಂದು ಕಣ್ಣಿಗೆ ಹೊಕ್ಕಿತು. ಮನೆಯವರು ಸುಮ್ಮನೆ ಕೂರಲಿಲ್ಲ. ಊರಿನಲ್ಲಿ ಗೊತ್ತಿದ್ದ ಔಷಧ ಮಾಡಿದರು, ಪಟ್ಟಿ ಕಟ್ಟಿಸಿದರು, ವೈದ್ಯರಿಗೂ ತೋರಿಸಿದರು. ಆದರೆ ಆ ಕಾಲದ ವೈದ್ಯರ ಕೈಯಲ್ಲಿ ಏನಿತ್ತು? ಜೀವಂತ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ್ದು 1851ರಲ್ಲಿ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಜಗತ್ತಿಗೆ ಗೊತ್ತಾದದ್ದು 1846ರಲ್ಲಿ. ಗಾಯಕ್ಕೆ ಕೀವಾಗದಂತೆ ಕಾರ್ಬಾಲಿಕ್ ಆಮ್ಲ ಬಳಸುವ ವಿಧಾನವನ್ನು ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಲೂಯಿಗೆ ಇದಾವುದೂ ಸಿಗಲಿಲ್ಲ.

ಗಾಯವಾದ ಕಣ್ಣು ಹೋಯಿತು. ಕೆಲವು ಕಾಲದ ಮೇಲೆ ಗಾಯವೇ ಆಗದ ಇನ್ನೊಂದು ಕಣ್ಣೂ ಕೆಂಪಾಗಿ ಮಂಜಾಗತೊಡಗಿತು. ಐದು ವರ್ಷ ತುಂಬುವ ಹೊತ್ತಿಗೆ ಲೂಯಿಗೆ ಎರಡೂ ಕಣ್ಣು ಕಾಣದಾದವು. ಕತ್ತಲು ಯಾಕೆ ಆಯಿತೆಂಬುದು ಅಷ್ಟು ಚಿಕ್ಕ ಮಗುವಿಗೆ ತಿಳಿಯುವಂತೆಯೂ ಇರಲಿಲ್ಲ.

ನಾನು ಹೆಚ್ಚು ಯೋಚಿಸಿದ್ದು ಈ ಎರಡನೇ ಕಣ್ಣಿನ ಬಗ್ಗೆ. ಚುಚ್ಚಿದ್ದು ಒಂದಕ್ಕೆ, ಎರಡನೆಯದು ಯಾಕೆ ಹೋಯಿತು? ನಂಜು ಹರಡಿತು ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಇಂದಿನ ಕಣ್ಣಿನ ವೈದ್ಯರು ಬಹುಮಟ್ಟಿಗೆ ಇದನ್ನು ಸಿಂಪಥೆಟಿಕ್ ಆಫ್ತಾಲ್ಮಿಯಾ ಎಂಬ ಕಾಯಿಲೆ ಎಂದು ಗುರುತಿಸುತ್ತಾರೆ. ನಮ್ಮ ಜೀವಶಾಸ್ತ್ರದ ಪಾಠದಲ್ಲಿ ರೋಗನಿರೋಧಕ ವ್ಯವಸ್ಥೆಯ ಬಗ್ಗೆ ಓದಿದ್ದೇವಲ್ಲ, ಅದಕ್ಕೆ ಸಂಬಂಧಿಸಿದ್ದು. ಕಣ್ಣಿನ ಒಳಗಿನ ಬಣ್ಣದ ಪದರ ಸಾಮಾನ್ಯವಾಗಿ ದೇಹದ ಕಾವಲುಗಾರರ ಕಣ್ಣಿಗೆ ಬೀಳುವುದಿಲ್ಲ. ಗಾಯವಾಗಿ ಅದು ಹೊರಗೆ ಬಂದಾಗ ಆ ಕಾವಲುಗಾರರು ಅದನ್ನು ಪರಕೀಯವೆಂದು ತಿಳಿದು ದಾಳಿ ಮಾಡುತ್ತಾರೆ. ಅದೇ ಪದರ ಇನ್ನೊಂದು ಕಣ್ಣಿನಲ್ಲೂ ಇರುವುದರಿಂದ ದಾಳಿ ಎರಡೂ ಕಡೆ ನಡೆಯುತ್ತದೆ. ಇದು ವಾರಗಳ ಮೇಲೆ, ತಿಂಗಳುಗಳ ಮೇಲೆ, ಅಪರೂಪಕ್ಕೆ ವರ್ಷಗಳ ಮೇಲೂ ಶುರುವಾಗಬಹುದು. ಈಗ ಗಾಯವನ್ನು ಬೇಗ ಹೊಲಿದು ಮುಚ್ಚುವುದರಿಂದ ಈ ಕಾಯಿಲೆ ಬಹಳ ವಿರಳ. ಬಂದರೂ ಬೇಗ ಗುರುತಿಸಿದರೆ ಸ್ಟೀರಾಯ್ಡ್‌ನಂಥ ಔಷಧಗಳಿವೆ.

ನನ್ನ ತಮ್ಮನ ವಿಷಯದಲ್ಲಿ ಇದೇ ಆಯಿತು. ಅಂದು ನಮ್ಮ ದಾದಿ ಅಳುತ್ತಲೇ ಕಣ್ಣಿಗೆ ಜೇನುತುಪ್ಪ ಹಾಕಲು ಬಂದಿದ್ದರು. ಓಣಿಯ ಆಶಾ ಕಾರ್ಯಕರ್ತೆ ಅಕ್ಕ ತಡೆದರು. ಕಣ್ಣು ತೊಳೆಯಲು, ಒತ್ತಲು, ಉಜ್ಜಲು ಬಿಡಲಿಲ್ಲ. ಚಹಾದ ಖಾಲಿ ಕಾಗದದ ಕಪ್ಪನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಎಲುಬಿನ ಮೇಲೆ ಕೂರಿಸಿ ಟೇಪ್ ಹಚ್ಚಿದರು. ಆಪರೇಷನ್ ಮಾಡಬೇಕಾಗಬಹುದು, ಏನೂ ತಿನ್ನಿಸಬೇಡಿ ಎಂದು ಅಮ್ಮಿಗೆ ತಾಕೀತು ಮಾಡಿ ನೇರವಾಗಿ ಕಲಬುರಗಿಗೆ ಕಳಿಸಿದರು.

ಆಸ್ಪತ್ರೆಯಲ್ಲಿ ಮೊದಲು ಒಂದೊಂದೇ ಕಣ್ಣಿಗೆ ಬೆಳಕು ಬಿಟ್ಟು ದೃಷ್ಟಿ ಎಷ್ಟಿದೆ ಎಂದು ನೋಡಿದರು. ಎಡಗಣ್ಣಿನ ಪಾಪೆ ದುಂಡಗಿರದೆ ಗಾಯದ ಕಡೆಗೆ ಎಳೆದು ಹನಿಯಂತೆ ಆಗಿತ್ತು. ಅಂದರೆ ಗಾಯ ಮೇಲುಮೇಲಿನದಲ್ಲ, ಕಣ್ಣು ತೂತಾಗಿದೆ ಎಂದು ಅದರಿಂದಲೇ ಗೊತ್ತಾಗುತ್ತದಂತೆ. ಲೋಹದ ಚೂರು ಒಳಗೆ ಉಳಿದಿದೆಯೇ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಧನುರ್ವಾಯು ಇಂಜೆಕ್ಷನ್ ಕೊಟ್ಟರು. ರಾತ್ರಿಯೇ ಪ್ರಜ್ಞೆ ತಪ್ಪಿಸಿ, ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಗೆ ಹಾಕಿದರು. ದಿನವೆಲ್ಲ ಹೊಲಿಗೆ ಹಾಕುವ ನಮ್ಮ ಅಬ್ಬಾ, ಆ ಹೊಲಿಗೆಯ ಮಾತು ಕೇಳಿ ತಲೆ ತಗ್ಗಿಸಿ ದುವಾ ಮಾಡುತ್ತ ಕುಳಿತಿದ್ದರು.

ಲೂಯಿಯ ಕಥೆಗೆ ಮರಳುತ್ತೇನೆ. ಆ ಹಳ್ಳಿಗೆ ಯುದ್ಧದ ಕಾಲವೂ ಬಂತು. 1814ರಲ್ಲಿ ನೆಪೋಲಿಯನ್ ಸೋತಾಗ ಪರದೇಶದ ಸೈನಿಕರು ಬಂದು ಹಳ್ಳಿಯಲ್ಲಿ ಬೀಡುಬಿಟ್ಟರು. ಅಂಥ ಕಷ್ಟದಲ್ಲೂ ತಂದೆ ತಾಯಿ ಕುರುಡು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆ ಕೋಲು ಮಾಡಿಕೊಟ್ಟು ನಡೆಯಲು ಕಲಿಸಿದರು. ಮರದ ಹಲಗೆಗೆ ಮೊಳೆ ಹೊಡೆದು ಅಕ್ಷರಗಳ ಆಕಾರ ಮಾಡಿ ಬೆರಳಿನಿಂದ ಮುಟ್ಟಿಸಿದರೆಂದು ಹೇಳುತ್ತಾರೆ. ಊರಿನ ಪಾದ್ರಿ ಪಾಲ್ವಿ ಅವರು ಪಾಠ ಹೇಳಿದರು. ಶಾಲೆಯ ಮೇಷ್ಟ್ರು ಬೆಶೆರೆ ಕಣ್ಣಿದ್ದ ಮಕ್ಕಳ ಜೊತೆಯಲ್ಲೇ ಅವನನ್ನು ಕೂರಿಸಿಕೊಂಡರು. ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ಲೂಯಿ ತರಗತಿಯಲ್ಲಿ ಮುಂದಿದ್ದ.

1819ರ ಫೆಬ್ರವರಿಯಲ್ಲಿ, ಹತ್ತು ವರ್ಷದ ಲೂಯಿಯನ್ನು ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಗೆ ಸೇರಿಸಿದರು. ಅದನ್ನು ಸ್ಥಾಪಿಸಿದವರು ವಾಲೆಂಟಿನ್ ಹಾವಿ. ಕಟ್ಟಡ ಹಳೆಯದು, ಗೋಡೆಗಳೆಲ್ಲ ಥಂಡಿ. ಅಲ್ಲಿದ್ದ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಒತ್ತಿದ್ದರು. ಒಂದೊಂದು ಅಕ್ಷರವನ್ನೂ ತಡವಿ ಓದುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗುತ್ತಿತ್ತು. ಪುಸ್ತಕಗಳು ಬಹಳ ಭಾರ, ಇದ್ದದ್ದೂ ಕೆಲವೇ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪದ್ಧತಿಯಲ್ಲಿ ಅಂಧರು ತಾವಾಗಿ ಬರೆಯುವಂತಿರಲಿಲ್ಲ.

1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬ ಮಾಜಿ ಸೈನ್ಯಾಧಿಕಾರಿ ರೂಪಿಸಿದ್ದ ಉಬ್ಬು ಚುಕ್ಕಿಗಳ ಬರವಣಿಗೆ ಆ ಶಾಲೆಗೆ ಬಂತು. ಅದರಲ್ಲಿ ಒಂದು ಚಿಹ್ನೆಗೆ 12ರವರೆಗೆ ಚುಕ್ಕಿಗಳು. ಬೆರಳ ತುದಿಗೆ ಅಷ್ಟು ಚುಕ್ಕಿ ಒಮ್ಮೆಲೇ ಸಿಗುವುದಿಲ್ಲ. ಅದೂ ಅಲ್ಲದೆ ಅದು ಕೇವಲ ಉಚ್ಚಾರಣೆಯನ್ನು ಬರೆಯುತ್ತಿತ್ತು, ಕಾಗುಣಿತವನ್ನಲ್ಲ. ಲೂಯಿ ರಜೆಯಲ್ಲಿ ಊರಿಗೆ ಬಂದಾಗಲೂ ಹಾಸ್ಟೆಲಿನ ರಾತ್ರಿಗಳಲ್ಲೂ ಕಾಗದದ ಮೇಲೆ ಚುಚ್ಚುತ್ತ, ತಡವುತ್ತ ಕುಳಿತ. 1824ರಲ್ಲಿ ಅವನಿಗೆ 15 ವರ್ಷ. ಅಂದರೆ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಓದುವ ವಯಸ್ಸು. ಅಷ್ಟರಲ್ಲಿ ಆರು ಚುಕ್ಕಿಗಳ ಲಿಪಿ ಸಿದ್ಧವಾಗಿತ್ತು.

ಎಡಕ್ಕೆ ಮೇಲಿನಿಂದ ಕೆಳಗೆ 1, 2, 3. ಬಲಕ್ಕೆ 4, 5, 6. ಇಷ್ಟೇ ಮನೆ. ಚುಕ್ಕಿ ಇರುವುದು, ಇಲ್ಲದಿರುವುದು ಎಂದು ಲೆಕ್ಕ ಹಾಕಿದರೆ 63 ಚಿಹ್ನೆಗಳಾಗುತ್ತವೆ. ನಮ್ಮ ಗಣಿತದ ಪಾಠದ ಎರಡರ ಆರನೇ ಘಾತದಲ್ಲಿ ಒಂದು ಕಳೆಯಿರಿ, ಸರಿಯಾಗಿ ಬರುತ್ತದೆ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಬಗೆಯ ಭಾರತಿ ಬ್ರೈಲ್ ಒಪ್ಪಿಗೆಯಾಯಿತು. ಕನ್ನಡದ ಕ ಅಕ್ಷರಕ್ಕೆ 1 ಮತ್ತು 3ನೇ ಚುಕ್ಕಿ. ಮ ಅಕ್ಷರಕ್ಕೆ 1, 3, 4. ಲ ಅಕ್ಷರಕ್ಕೆ 1, 2, 3. ದೀರ್ಘ, ಕೊಂಬುಗಳಿಗೆ ಬೇರೆ ಮನೆ. ಹೀಗೆ ಕಮಲಾಪುರ ಎಂದು ಬರೆಯಲು ಏಳು ಮನೆ ಸಾಕು. ದಪ್ಪ ಕಾಗದದ ಮೇಲೆ ನಾನೇ ಚುಚ್ಚಿ, ಕಣ್ಣು ಮುಚ್ಚಿ ಓದಲು ನೋಡಿದ್ದೇನೆ. ಅರ್ಧ ಗಂಟೆ ಹಿಡಿಯಿತು. ಅಭ್ಯಾಸವಿದ್ದವರು ನಮ್ಮಷ್ಟೇ ಸಲೀಸಾಗಿ ಓದುತ್ತಾರೆ.

ಲೂಯಿ ಅದೇ ಶಾಲೆಯಲ್ಲಿ ಶಿಕ್ಷಕರಾದರು. 1829ರಲ್ಲಿ ತಮ್ಮ ಲಿಪಿಯ ಪುಸ್ತಕ ಪ್ರಕಟಿಸಿದರು. ಸಂಗೀತ ಬರೆಯಲೂ ಅದನ್ನು ಹೊಂದಿಸಿದರು. ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದರು. ಆದರೆ ದೊಡ್ಡವರು ಲಿಪಿಯನ್ನು ಬೇಗ ಒಪ್ಪಲಿಲ್ಲ. ಕಣ್ಣಿದ್ದವರಿಗೆ ಓದಲು ಬಾರದ ಲಿಪಿ ಯಾಕೆ ಬೇಕು ಎಂಬುದು ಅವರ ವಾದ. 1840ರ ನಂತರ ಬಂದ ಮುಖ್ಯಸ್ಥರು ಶಾಲೆಯಲ್ಲಿ ಅದನ್ನು ನಿಷೇಧಿಸಿದರು. ಹುಡುಗರು ಮಾತ್ರ ಬಿಡಲಿಲ್ಲ, ಕದ್ದುಮುಚ್ಚಿ ಬರೆದುಕೊಂಡರು. ಕೊನೆಗೆ 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ಎಲ್ಲರೆದುರು ಆ ಲಿಪಿಯನ್ನು ಓದಿ ಬರೆದು ತೋರಿಸಲಾಯಿತು.

ಅಷ್ಟರಲ್ಲಿ ಲೂಯಿ ಅವರ ಎದೆಯನ್ನು ಕ್ಷಯ ಹಿಡಿದಿತ್ತು. 1852ರ ಜನವರಿ 6ರಂದು, 43 ತುಂಬಿದ ಎರಡೇ ದಿನಕ್ಕೆ, ಅವರು ತೀರಿಕೊಂಡರು. ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಅದನ್ನು ಅವರು ನೋಡಲಿಲ್ಲ. 1952ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಒಯ್ದರು. ಓದಿದ, ಬರೆದ ಕೈಗಳು ಮಾತ್ರ ಕೂವ್ರೇಯಲ್ಲೇ ಉಳಿದವು. ಅವರ ಹುಟ್ಟಿನ 200ನೇ ವರ್ಷಕ್ಕೆ, 2009ರಲ್ಲಿ, ನಮ್ಮ ಸರ್ಕಾರ ಅವರ ಚಿತ್ರವಿರುವ 2 ರೂಪಾಯಿ ನಾಣ್ಯ ಹೊರತಂದಿತು. ನಿಮ್ಮ ಮನೆಯ ಡಬ್ಬಿಯಲ್ಲೂ ಒಂದು ಇರಬಹುದು, ಹುಡುಕಿ ನೋಡಿ.

ಪ್ರವಾದಿಯವರ ಕಾಲದಲ್ಲಿ ಕಣ್ಣು ಕಾಣದ ಸಹಾಬಿ ಇಬ್ನ್ ಉಮ್ಮೆ ಮಕ್ತೂಮ್ ಅವರಿಗೆ ಅಜಾನ್ ಕೊಡುವ ಗೌರವ ಸಿಕ್ಕಿದ್ದನ್ನು ನಾವು ಮದರಸಾದಲ್ಲಿ ಕೇಳಿದ್ದೇವೆ. ದೃಷ್ಟಿ ಹೋದ ಮಾತ್ರಕ್ಕೆ ಮನುಷ್ಯ ಕಡಿಮೆಯಾಗುವುದಿಲ್ಲ. ಲೂಯಿ ಅವರ ಜೀವನವೂ ಅದನ್ನೇ ಹೇಳುತ್ತದೆ. ಆದರೆ ಅವರ ಸಾಧನೆ ದೊಡ್ಡದೆಂದು ಆ ಗಾಯವನ್ನು ನಾವು ಹಗುರವಾಗಿ ನೋಡಬಾರದು. ಉಳಿಸಬಹುದಾದ ಕಣ್ಣನ್ನು ಉಳಿಸುವುದು ನಮ್ಮ ಕರ್ತವ್ಯ.

ಅದಕ್ಕೇ ಡಾಕ್ಟರ್ ಮೇಡಂ ನನಗೆ ಹೇಳಿದ ಮೂರು ಮಾತು ಇಲ್ಲಿ ಬರೆಯುತ್ತೇನೆ. ಚೂಪಾದದ್ದು ಚುಚ್ಚಿದರೆ ಕೀಳಬೇಡಿ, ತೊಳೆಯಬೇಡಿ, ಏನೂ ಹಾಕಬೇಡಿ. ಒತ್ತದಂತೆ ಮುಚ್ಚಿ ಆಸ್ಪತ್ರೆಗೆ ಓಡಿ. ತಂಬಾಕಿನ ಜೊತೆಗಿನ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದರೆ ಮಾತ್ರ ಇದಕ್ಕೆ ವಿರುದ್ಧ: ನಿಂತಲ್ಲೇ ಶುದ್ಧ ನೀರಿನಿಂದ ಅರ್ಧ ಗಂಟೆ ತೊಳೆಯುತ್ತಲೇ ಇರಿ, ಆಮೇಲೆ ಆಸ್ಪತ್ರೆ. ತೊಗರಿ ರಾಶಿಯಲ್ಲಿ ಕಟ್ಟಿಗೆ, ಹೊಟ್ಟು ತಾಗಿ ಕಣ್ಣು ಕೆಂಪಾದರೆ ಮೆಡಿಕಲ್ ಅಂಗಡಿಯ ಡ್ರಾಪ್ಸ್ ತಾವಾಗಿ ತಂದು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗಾಯದಲ್ಲಿನ ಶಿಲೀಂಧ್ರ ಇನ್ನೂ ಬೆಳೆಯುತ್ತದೆ. ಎರಡನೇ ಕಣ್ಣನ್ನು ಉಳಿಸುವ ಅದೇ ಔಷಧ, ತಪ್ಪು ಕೈಯಲ್ಲಿ ಮೊದಲನೇ ಕಣ್ಣನ್ನು ಕಳೆಯಬಲ್ಲದು.

ನನ್ನ ತಮ್ಮ ಈಗ ಒಂದನೇ ತರಗತಿ. ಎಡಗಣ್ಣಿನಲ್ಲಿ ದೃಷ್ಟಿ ಪೂರ್ತಿ ಬಂದಿಲ್ಲ. ದಪ್ಪ ಕನ್ನಡಕ ಹಾಕುತ್ತಾನೆ. ಬಲಗಣ್ಣು ಚೆನ್ನಾಗಿದೆ, ಅಲ್‌ಹಮ್ದುಲಿಲ್ಲಾಹ್. ಕೆಲವು ತಿಂಗಳಿಗೊಮ್ಮೆ ಎರಡೂ ಕಣ್ಣು ತೋರಿಸಿಕೊಂಡು ಬರುತ್ತೇವೆ. ಬಲಗಣ್ಣು ಕೆಂಪಾದರೆ, ಮಂಜಾದರೆ, ಬೆಳಕು ತಡೆಯದಿದ್ದರೆ ಅಂದೇ ಬರಬೇಕೆಂದು ಡಾಕ್ಟರ್ ಹೇಳಿದ್ದಾರೆ. ಕರೆದುಕೊಂಡು ಹೋಗುವ ಜವಾಬ್ದಾರಿಯನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ.

ಲೂಯಿ ಅವರು ಚುಕ್ಕಿ ಒತ್ತಲು ಹಿಡಿದದ್ದು ಕಣ್ಣು ಕಳೆದಂಥದೇ ಒಂದು ಚೂಪು ಮೊನೆ. ನಮ್ಮ ಅಂಗಡಿಯ ಆ ಉಪಕರಣವನ್ನು ಅಬ್ಬಾ ಎಸೆಯಲಿಲ್ಲ; ಅದರಿಂದಲೇ ನಮ್ಮ ಮನೆ ನಡೆಯುತ್ತದೆ. ಈಗ ಅದು ಗೋಡೆಯ ಮೇಲೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಒಂದು ಮೊಳೆಗೆ ನೇತಾಡುತ್ತಿದೆ.